ದಫ್ತರದ ಮಾತು ರೈತನಿಗೆ ತಿಳಿದ ಬಗೆ: ನಮ್ಮ ಸೀಮೆಯ ಲೆಕ್ಕಪತ್ರಗಳ ಕಥೆ

ರಜತ ಮಹೋತ್ಸವದ ಸ್ಮರಣ ಸಂಚಿಕೆ ಎಂದ ಮೇಲೆ ಅದರಲ್ಲಿ ಗಣ್ಯರ ಶುಭ ಸಂದೇಶ, ಮಾಜಿ ಅಧ್ಯಕ್ಷರ ಭಾವಚಿತ್ರ, ಶೇರು ಬಂಡವಾಳ ಎಷ್ಟಿತ್ತು ಎಷ್ಟಾಯಿತು ಎಂಬ ತಖ್ತೆ ಇವೆಲ್ಲ ಇದ್ದೇ ಇರುತ್ತವೆ. ಇರಲೂ ಬೇಕು. ಈ ಲೇಖನಕ್ಕೆ ನಾವು ಆರಿಸಿಕೊಂಡ ವಿಷಯ ಮಾತ್ರ ಸ್ವಲ್ಪ ಬೇರೆ. ಸಂಘದ ಕಪಾಟಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಪುಸ್ತಕಗಳಿವೆಯಲ್ಲ, ಅವುಗಳ ಬೆನ್ನ ಮೇಲಿನ ಹೆಸರುಗಳನ್ನು ನೋಡಿರಿ: ರೋಜಕೀರ್ದಿ, ಖತಾವಣಿ, ಠರಾವು ಪುಸ್ತಕ, ಅಢಾವೆ ಪತ್ರಿಕೆ. ದಿನಾ ಬಳಸಿ ಬಳಸಿ ಇವು ನಮ್ಮ ಮನೆಮಾತಾಗಿವೆ. ಇವು ಎಲ್ಲಿಂದ ಬಂದವು, ಅವುಗಳೊಳಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ನಮ್ಮ ಹಿರೇಬೆಂಡಿಗೇರಿಯಂಥ ಊರಿನ ರೈತ ತಾನೇ ಓದಿ ತಿಳಿಯಲು ಎಷ್ಟು ತಲೆಮಾರು ಹಿಡಿಯಿತು ಎಂಬುದನ್ನು ಯಾರೂ ಅಷ್ಟಾಗಿ ಬರೆದಿಲ್ಲ.

ಇದು ಬರೀ ಹಳೇ ಪುರಾಣ ಅಂತ ತಳ್ಳಿಹಾಕುವ ಹಾಗಿಲ್ಲ. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆ ಓದಿ "ಎಲ್ಲರಿಗೂ ಸಮ್ಮತ ಐತೇನ್ರಿ?" ಎಂದು ಕೇಳಿದರೆ "ಹೌದ್ರಿ, ಹೌದ್ರಿ" ಎಂದು ಒಂದೇ ದನಿಯಲ್ಲಿ ಹೇಳಿ ಚಹಾ-ಚೂಡಾಕ್ಕೆ ಏಳುವುದು ಎಲ್ಲ ಊರಿನ ಪದ್ಧತಿ. ಆ ಹೌದುಗಳಲ್ಲಿ ತಿಳಿದು ಹೇಳಿದವು ಎಷ್ಟು, ಸುಮ್ಮನೆ ಹೇಳಿದವು ಎಷ್ಟು? ಸಹಕಾರಿ ಸಂಘವೆಂದರೆ ಸದಸ್ಯರೇ ಮಾಲಕರು. ಮಾಲಕನಿಗೆ ತನ್ನ ಅಂಗಡಿಯ ಲೆಕ್ಕ ತಿಳಿಯದಿದ್ದರೆ ಆ ಮಾಲಕತನಕ್ಕೆ ಏನು ಅರ್ಥ? ಈ ಪ್ರಶ್ನೆ ಇಟ್ಟುಕೊಂಡೇ ನಾವು ಹಿಂದಕ್ಕೆ ಹೋಗಿ ನೋಡುತ್ತೇವೆ.

ಬಹಳ ಹಿಂದಿನದು ಮೊದಲು. ನಮ್ಮ ತಾಲೂಕಿನ ಬಂಕಾಪುರವು ರಾಷ್ಟ್ರಕೂಟರ ಕಾಲದಿಂದ ಹೆಸರಾದ ಊರು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೂ ಈ ಊರಿಗೂ ಇರುವ ಸಂಬಂಧವನ್ನು ಇತಿಹಾಸ ಓದಿದವರೆಲ್ಲ ಬಲ್ಲರು. ಈ ಸೀಮೆಯ ಊರೂರಿಗೆ ಶಾಸನದ ಕಲ್ಲುಗಳಿವೆ. ಕನ್ನಡ ನಾಡಿನ ಹಳೆಯ ದಾನಶಾಸನಗಳಲ್ಲಿ ಒಂದು ವಿಶೇಷ ಕಾಣುತ್ತದೆ. ದೇವರ ಸ್ತುತಿ, ಅರಸನ ವಂಶಾವಳಿ, ಬಿರುದು-ಬಾವಲಿ ಇವು ಅನೇಕ ಕಡೆ ಸಂಸ್ಕೃತದಲ್ಲಿ ಇರುತ್ತವೆ. ಆದರೆ ಕೊಟ್ಟ ಭೂಮಿ ಎಷ್ಟು ಮತ್ತರು, ಯಾವ ಕೋಲಿನಿಂದ ಅಳೆದದ್ದು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುಣಸೇ ಮರ ಎಂದು ಹೇಳುವ ಘಟ್ಟ ಬಂತೆಂದರೆ ಬರಹ ಕನ್ನಡಕ್ಕೆ ತಿರುಗಿಬಿಡುತ್ತದೆ. ಕಾರಣ ಸರಳ. ಹೊಗಳಿಕೆ ತಿಳಿಯದಿದ್ದರೆ ಯಾರಿಗೂ ನಷ್ಟವಿಲ್ಲ, ಎಲ್ಲೆ ತಿಳಿಯದಿದ್ದರೆ ಬಡಿದಾಟ. ಕಲ್ಲು ಕಂಡರಿಸಿದ ಆ ಹಿರಿಯರಿಗೆ ಇದ್ದ ಈ ವ್ಯಾವಹಾರಿಕ ಬುದ್ಧಿ ಮುಂದಿನ ದಫ್ತರಗಳಲ್ಲಿ ಎಷ್ಟೋ ಕಾಲ ಕಾಣಲಿಲ್ಲವೆಂದು ವಿಷಾದದಿಂದಲೇ ಹೇಳಬೇಕಾಗುತ್ತದೆ.

ಪೇಶವೆಯರ ಆಳಿಕೆ ಬಂದ ಮೇಲೆ ಇಲ್ಲಿಯ ಸರಕಾರಿ ಲೆಕ್ಕವೆಲ್ಲ ಮರಾಠಿ ಭಾಷೆಗೆ, ಅದೂ ಮೋಡಿ ಲಿಪಿಗೆ ಹೋಯಿತು. ಮೋಡಿ ಎಂದರೆ ಕೈ ಎತ್ತದೆ ಬರೆಯುವ ಅವಸರದ ಲಿಪಿ. ಬರೆಯುವವನಿಗೆ ಬಲು ಅನುಕೂಲ. ಓದುವವನಿಗೋ, ಪಳಗಿದವನ ಹೊರತು ಉಳಿದವರಿಗೆ ಅದು ಇರುವೆ ಹರಿದ ಹಾಗೆ. ಹೊಲದಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ, ಮನೆಯಲ್ಲಿ ಕನ್ನಡ. ಚಾವಡಿಯ ಕಟ್ಟೆ ಹತ್ತಿದ ಕೂಡಲೇ ಬೇರೆ ಭಾಷೆ, ಬೇರೆ ಅಕ್ಷರ. ರೈತ ತೆರಿಗೆ ಕೊಟ್ಟು ಬರುತ್ತಿದ್ದ, ಏನು ಜಮಾ ಆಯಿತು ಎಂಬುದು ಬರೆದವನಿಗೇ ಗೊತ್ತು. ಕುಲಕರ್ಣಿಗಳೆಲ್ಲ ಮೋಸಗಾರರಾಗಿದ್ದರೆಂದು ನಾವು ಹೇಳುವುದಿಲ್ಲ, ಹಾಗೆ ಹೇಳುವುದು ಅನ್ಯಾಯವಾದೀತು. ಬಿಕ್ಕಟ್ಟು ಇದ್ದದ್ದು ವ್ಯಕ್ತಿಗಳಲ್ಲಿ ಅಲ್ಲ. ಒಬ್ಬನೇ ಓದಬಲ್ಲ ಲೆಕ್ಕವನ್ನು ಮತ್ತೊಬ್ಬ ಪರೀಕ್ಷಿಸಲಾರ. ಬರೆದವನು ಸತ್ಯವಂತನಿದ್ದರೂ ಅದನ್ನು ತೋರಿಸಿಕೊಡುವ ದಾರಿ ಅವನಿಗೆ ಇರಲಿಲ್ಲ.

1818ರಲ್ಲಿ ಪೇಶವೆಯರ ರಾಜ್ಯ ಮುಗಿದು ಈ ಭಾಗ ಇಂಗ್ಲಿಷರ ಕೈಗೆ ಹೋಯಿತು. ಧಾರವಾಡ ಜಿಲ್ಲೆ ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಆಗ ನಮ್ಮ ತಾಲೂಕಿಗೆ ಬಂಕಾಪುರ ತಾಲೂಕು ಎಂದೇ ಹೆಸರು, ಕಚೇರಿ ಮಾತ್ರ ಶಿಗ್ಗಾವಿಯಲ್ಲಿ. ಆಳುವವರು ಬದಲಾದರೂ ದಫ್ತರದ ಮರಾಠಿ ಬದಲಾಗಲಿಲ್ಲ, ಸರಕಾರ ತೆರೆದ ಮೊದಲ ಶಾಲೆಗಳೂ ಮರಾಠಿಯವೇ. ಈ ವಿಪರೀತವನ್ನು ಗಮನಿಸಿದವರಲ್ಲಿ ಸರ್ ವಾಲ್ಟರ್ ಎಲಿಯಟ್ ಮುಖ್ಯರು. 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕು ಪಾರಾದ ತರುಣ ಅಧಿಕಾರಿ ಇವರು. ಧಾರವಾಡದಲ್ಲಿದ್ದಾಗ 1830ರ ಸುಮಾರಿಗೆ ತಮ್ಮ ಕೈಯ ಹಣದಿಂದ ಕನ್ನಡ ಶಾಲೆ ನಡೆಸಿದರು. ಸುಮಾರು ಆರು ನೂರು ಶಾಸನಗಳ ನಕಲು ಮಾಡಿಸಿದವರೂ ಇವರೇ. ನೋಡ್ರಿ, ಹಳೇ ಕಲ್ಲುಗಳನ್ನು ಓದಿಸಿದ ಮನುಷ್ಯನಿಗೇ ಈ ಜನರ ಭಾಷೆ ಯಾವುದೆಂದು ತಿಳಿದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಮುಂದೆ ಶಿಕ್ಷಣ ಖಾತೆಯಲ್ಲಿ ರಸೆಲ್ ಸಾಹೇಬರು, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮ ಮನೆಮಾತಾಗಿದೆ. 1890ರಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇದನ್ನೆಲ್ಲ ಬೇರೆಯವರು ವಿಸ್ತಾರವಾಗಿ ಬರೆದಿದ್ದಾರೆ, ನಾವು ಮುಂದೆ ಸಾಗುತ್ತೇವೆ.

ಆದರೆ ಭೂಮಿಯ ಮೋಜಣಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಗೋಲ್ಡಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಕಡೆ ಶುರುಮಾಡಿದ ಸರ್ವೆ ಪದ್ಧತಿ ಮುಂದೆ ನಮ್ಮ ಜಿಲ್ಲೆಗೂ ಬಂತು. ಅದಕ್ಕೆ ಮೊದಲು ಹೊಲದ ಅಳತೆ ಕೂರಿಗೆಯ ಲೆಕ್ಕದಲ್ಲಿ, ಅಂದರೆ ಒಂದು ಕೂರಿಗೆ ದಿನಕ್ಕೆ ಬಿತ್ತುವಷ್ಟು ನೆಲ. ಎರಿ ಹೊಲದ ಕೂರಿಗೆ ಬೇರೆ, ಮಸಾರಿ ಹೊಲದ ಕೂರಿಗೆ ಬೇರೆ, ಎತ್ತು ಬಡಕಲಿದ್ದರೆ ಇನ್ನೂ ಬೇರೆ. ಹೊಸ ಸರ್ವೆಯಲ್ಲಿ ಎಲ್ಲರಿಗೂ ಒಂದೇ ಎಕರೆ, ಎಕರೆಗೆ ನಲವತ್ತು ಗುಂಟೆ, ಪ್ರತಿ ಹೊಲಕ್ಕೆ ಒಂದು ನಂಬರು, ಮೂಲೆಗೆ ಕಲ್ಲು. ಮಣ್ಣಿನ ಗುಣ ಅಳೆಯುವ ರೀತಿಯಂತೂ ಮೆಚ್ಚತಕ್ಕದ್ದು. ಮಣ್ಣಿನ ಬಣ್ಣ, ಆಳ ನೋಡಿ ಒಂಬತ್ತು ತರಗತಿ ಮಾಡಿದರು. ಮೊದಲನೆಯದಕ್ಕೆ ಹದಿನಾರಾಣೆ, ಕೊನೆಯದಕ್ಕೆ ಎರಡಾಣೆ. ಹೊಲದ ನಕ್ಷೆಯಲ್ಲಿ ಮನೆ ಕೊರೆದು, ಮರಳು ಬೆರೆತಿದ್ದರೆ ಒಂದು ಗುರುತು, ಸುಣ್ಣದ ಹರಳಿದ್ದರೆ ಒಂದು ಗುರುತು, ಇಳಿಜಾರಿದ್ದರೆ ಒಂದು ಗುರುತು ಹಾಕುತ್ತಿದ್ದರು. ಒಂದು ದೋಷಕ್ಕೆ ಒಂದು ತರಗತಿ ಕಡಿಮೆ. ಈ ಕ್ರಮಗಳನ್ನು 1847ರ ಜಂಟಿ ವರದಿಯಲ್ಲಿ ಬರೆದಿಟ್ಟರು. ಮೇಲಧಿಕಾರಿ ಬಂದು ಅದೇ ಹೊಲದಲ್ಲಿ ನಿಂತು ಗುರುತು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದಿತ್ತು. ಅಕ್ಷರ ಬಾರದವನಿಗೂ "ನಿನ್ನ ಹೊಲ ಹನ್ನೆರಡಾಣೆದು" ಎಂದರೆ ತಿಳಿಯುತ್ತಿತ್ತು, ಏಕೆಂದರೆ ರೂಪಾಯಿಗೆ ಹದಿನಾರಾಣೆ ಎಂಬುದು ಸಂತೆಯಲ್ಲಿ ಎಲ್ಲರೂ ಬಲ್ಲ ಲೆಕ್ಕ. ಕಂದಾಯದ ಭಾರ ಹೆಚ್ಚೋ ಕಡಿಮೆಯೋ ಎಂಬುದು ಬೇರೆ ಚರ್ಚೆ. ಹೇಳುವ ರೀತಿ ಮಾತ್ರ ತಿಳಿಯಾಗಿತ್ತು. ಜನ ಈಗಾಗಲೇ ಬಲ್ಲ ಅಳತೆಯಲ್ಲಿ ಹೇಳು ಎಂಬ ಈ ಸೂತ್ರಕ್ಕಿಂತ ಒಳ್ಳೆಯದನ್ನು ಇಂದಿನ ಕಚೇರಿಗಳೂ ಕಂಡುಹಿಡಿದಿಲ್ಲ.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ, ಅಂದರೆ ಸಾಲದ ಕಾಗದಕ್ಕೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆ ಊರಿನಲ್ಲಿ ರೈತರು ಸಾಹುಕಾರರ ಮನೆಗಳ ಮೇಲೆ ಏರಿಹೋದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳ ಊರೂರಿಗೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು. ಇದರಲ್ಲಿ ನಾವು ಲಕ್ಷ್ಯ ಕೊಡಬೇಕಾದ ಸಂಗತಿ, ರೈತರು ಮುಖ್ಯವಾಗಿ ಹುಡುಕಿದ್ದು ಬಂಗಾರವನ್ನಲ್ಲ, ಕಾಗದವನ್ನು. ಸಾಲಪತ್ರ, ಬಾಂಡು, ಡಿಕ್ರಿ ಇವನ್ನು ತೆಗೆಸಿ ಬೀದಿಯಲ್ಲಿ ಸುಟ್ಟರು. ಎಷ್ಟೋ ಕಡೆ ಕಾಗದ ಕೊಟ್ಟ ಸಾಹುಕಾರನಿಗೆ ಮತ್ತೇನೂ ಮಾಡದೆ ಬಿಟ್ಟರು. ಸಾಲ ತೆಗೆದುಕೊಂಡವನಿಗೆ ಸಾಲದ ಮೇಲೆ ಅಷ್ಟು ಸಿಟ್ಟು ಇರಲಿಲ್ಲ, ತಾನು ಓದಲಾರದ ಕಾಗದದ ಮೇಲೆ ಇತ್ತು. ನೂರು ತಂದವನು ಹೆಬ್ಬೆಟ್ಟು ಒತ್ತುವಾಗ ಕಾಗದದಲ್ಲಿ ಎಷ್ಟಿದೆಯೆಂದು ಅವನಿಗೆ ತಿಳಿಯದು. ಸುಗ್ಗಿಯಲ್ಲಿ ಚೀಲ ಹಾಕಿ ಬಂದದ್ದು ಜಮಾ ಆಯಿತೋ ಇಲ್ಲವೋ ತಿಳಿಯದು. ಮೂರು ವರ್ಷಕ್ಕೆ ಬಡ್ಡಿ ಅಸಲಿಗೆ ಸೇರಿ ಹೊಸ ಬಾಂಡು, ಮತ್ತೆ ಹೆಬ್ಬೆಟ್ಟು. ಕೋರ್ಟಿಗೆ ಹೋದರೆ ಅಲ್ಲಿ ಕಾಗದವೇ ಸಾಕ್ಷಿ. ಹೀಗೆ ಹೊಲ ಹೋಗುತ್ತಿದ್ದವು.

ಸರಕಾರ ವಿಚಾರಣಾ ಆಯೋಗ ನೇಮಿಸಿ, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಮಾಡಿತು. ಇದು ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಲಾಗೂ ಆಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲಾಖೆಯ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಈ ಕಾಯ್ದೆಯ ಹೆಸರು ಕೇಳಿದವರು ಸಾಮಾನ್ಯವಾಗಿ ನೆನೆಯುವುದು ಕೋರ್ಟು ಬಾಂಡಿನ ಹಿಂದಕ್ಕೆ ಹೋಗಿ ಸಾಲದ ಮೂಲ ಚರಿತ್ರೆ ಬಗೆದು ನೋಡಬಹುದೆಂಬ ಕಲಮನ್ನು. ಅದು ದೊಡ್ಡದೇ. ಆದರೆ ನಮ್ಮ ದೃಷ್ಟಿಗೆ ಅದಕ್ಕಿಂತ ಸಣ್ಣ ಕಲಮುಗಳು ಹೆಚ್ಚಿನವು. ರೈತ ಬರೆದುಕೊಡುವ ಕಾಗದವನ್ನು ಹಳ್ಳಿಯ ರಜಿಸ್ಟ್ರಾರನ ಮುಂದೆ ಬರೆಸಬೇಕು. ಹಣ ಕೊಟ್ಟವನಿಗೆ ಪಾವತಿ ಕೇಳುವ ಹಕ್ಕುಂಟು. ವರ್ಷಕ್ಕೊಮ್ಮೆ ಲೆಕ್ಕದ ತಖ್ತೆ ಕೇಳುವ ಹಕ್ಕುಂಟು. ಮತ್ತು ಸಾಲಗಾರ ಬೇಡಿದರೆ ಅವನ ಕೈಗೆ ಒಂದು ಪಾಸಬುಕ್ಕು ಕೊಡಬೇಕು. ಇಂದು ಮಕ್ಕಳ ಕೈಯಲ್ಲೂ ಪಾಸಬುಕ್ಕು ಇರುವುದರಿಂದ ಇದರ ಮಹತ್ವ ಹೊಳೆಯಲಿಕ್ಕಿಲ್ಲ. ಅಲ್ಲಿಯತನಕ ಲೆಕ್ಕದ ಪುಸ್ತಕ ಒಂದೇ, ಅದು ಸಾಹುಕಾರನ ಗಾದಿಯ ಕೆಳಗೆ. ಪಾಸಬುಕ್ಕಿನಿಂದ ಪುಸ್ತಕ ಎರಡಾದವು, ಎರಡನೆಯದು ರೈತನ ಮನೆಯ ಮಾಡಿಗೆ ಬಂತು. ತಾನು ಓದಲಾರದಿದ್ದರೆ ಶಾಲೆಗೆ ಹೋಗುವ ಮಗನಿಂದ ಓದಿಸಬಹುದು, ಮಾಸ್ತರರಿಂದ ಓದಿಸಬಹುದು. ಕಾಯ್ದೆ ಬಂದ ಕೂಡಲೇ ಎಲ್ಲ ಸರಿಹೋಯಿತೆಂದಲ್ಲ. ಕೇಳಿದರೆ ಮಾತ್ರ ಕೊಡಬೇಕು ಎಂಬಲ್ಲೇ ಅದರ ಕುಂದು ಇತ್ತು. ಮುಂದಿನ ಸುಗ್ಗಿಗೆ ಬೀಜಕ್ಕೆ ಕೈಯೊಡ್ಡಬೇಕಾದವನು ಇಂದು ಸಾಹುಕಾರನ ಎದುರು ನಿಂತು "ನನ್ನ ಲೆಕ್ಕ ತೋರ್ಸ್ರಿ" ಅನ್ನುವ ಧೈರ್ಯ ಎಲ್ಲಿಂದ ತಂದಾನು?

ಕೇಳಲು ಅಂಜದೆ ಇರಬಹುದಾದ ಸಾಹುಕಾರ ಬೇಕಾಗಿತ್ತು. ಅಂಥವನು ಎಂದರೆ ನಾವೇ, ನಾವೆಲ್ಲ ಕೂಡಿ. ಇಂಗ್ಲೆಂಡಿನ ರಾಚಡೇಲಿನಲ್ಲಿ 1844ರಲ್ಲಿ 28 ಮಂದಿ, ಹೆಚ್ಚಾಗಿ ನೇಕಾರರು, ಅಂಗಡಿ ತೆರೆದಾಗ ಹಾಕಿಕೊಂಡ ನಿಯಮಗಳಲ್ಲಿ ಒಬ್ಬನಿಗೆ ಒಂದೇ ಮತ ಎಂಬುದು ಪ್ರಸಿದ್ಧ. ಲೆಕ್ಕವನ್ನು ಮತ್ತೆ ಮತ್ತೆ ಸದಸ್ಯರ ಮುಂದೆ ಇಡಬೇಕು ಎಂಬುದೂ ಅವರ ತತ್ವಗಳಲ್ಲಿ ಸೇರಿತ್ತು. ಇದನ್ನು ನಮ್ಮ ಭಾಷಣಕಾರರು ಯಾಕೋ ಹೆಚ್ಚು ನೆನೆಯುವುದಿಲ್ಲ. ಜರ್ಮನಿಯಲ್ಲಿ ರೈಫೈಸನ್ ಹಳ್ಳಿಯ ಪತ್ತಿನ ಸಂಘ ಕಟ್ಟಿ ತೋರಿಸಿದರು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅದನ್ನು ಅಭ್ಯಾಸ ಮಾಡಿ ವರದಿ ಬರೆದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಆಗ ನಮ್ಮ ಧಾರವಾಡ ಜಿಲ್ಲೆಯೊಳಗೇ ಇದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ನೋಂದಣಿಯಾಯಿತು. ಕಣಗಿನಹಾಳದ ಹೆಸರನ್ನು ನಾಡಿನ ಎಲ್ಲ ಸಹಕಾರಿ ವೇದಿಕೆಗಳಲ್ಲಿ ಹೇಳುತ್ತಾರೆ, ನಮಗಂತೂ ಅದು ನೆರೆಮನೆ. 1916ರಲ್ಲಿ ಧಾರವಾಡದಲ್ಲಿ ಜಿಲ್ಲಾ ಮಧ್ಯವರ್ತಿ ಬ್ಯಾಂಕು ಹುಟ್ಟಿತು. ಕೆ.ಸಿ.ಸಿ. ಬ್ಯಾಂಕು ಎಂದು ನಾವು ಕರೆಯುವುದು ಇದನ್ನೇ.

ಆ ಮೊದಲ ಕಾಯ್ದೆಯ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಮರ್ಯಾದಿತವಾಗಿತ್ತು. ಹಾಗಂದ್ರ ಏನು? ಸಂಘ ಮುಳುಗಿದರೆ ಸಾಲಗಾರರ ಬಾಕಿಗೆ ಪ್ರತಿಯೊಬ್ಬ ಸದಸ್ಯನ ಹೊಲಮನೆಯೂ ಹೊಣೆ. ಶೇರಿನ ಹಣ ಹೋಯಿತು, ಬಿಡು ಎನ್ನುವ ಹಾಗಿಲ್ಲ. ಇಂಥ ಕಟ್ಟಿನಲ್ಲಿ ಪಕ್ಕದ ಮನೆಯವನು ಎಷ್ಟು ತೆಗೆದ, ಯಾತಕ್ಕೆ ತೆಗೆದ, ಕಟ್ಟಿದನೋ ಇಲ್ಲವೋ ಎಂಬುದು ಎಲ್ಲರಿಗೂ ತಿಳಿದಿರಲೇಬೇಕು. ತಿಳಿಯದೆ ಸಹಿ ಹಾಕಿದವನು ತನ್ನ ಹೊಲವನ್ನು ಕಣ್ಣು ಮುಚ್ಚಿ ಒತ್ತೆ ಇಟ್ಟಂತೆ. ಅದಕ್ಕೆಂದೇ ವರ್ಷಕ್ಕೊಂದು ಸಲವಾದರೂ ರಜಿಸ್ಟ್ರಾರರ ಕಡೆಯಿಂದ ಲೆಕ್ಕ ತಪಾಸಣೆ ಆಗಬೇಕೆಂದು 1904ರಲ್ಲೇ ಬರೆದರು. 1912ರ ಕಾಯ್ದೆಯಲ್ಲಿ ಇನ್ನೊಂದು ಸೇರಿತು: ಕಾಯ್ದೆಯ ಪ್ರತಿ, ಪೋಟನಿಯಮಗಳು ಇವು ಸಂಘದ ಕಚೇರಿಯಲ್ಲಿ ಯಾರು ಬಂದು ಕೇಳಿದರೂ ಪುಕ್ಕಟೆ ನೋಡಲು ಸಿಗಬೇಕು. ಕೇಳಿದವನಿಗೆ ಕಾರಣ ಹೇಳುವ ಅಗತ್ಯವೂ ಇಲ್ಲ. ನಾವು ಕಂಡಂತೆ ಈ ಸೀಮೆಯ ಸಂಘಗಳಲ್ಲಿ ಪೋಟನಿಯಮದ ಪುಸ್ತಕ ಕೇಳಿ ಓದುವ ಸದಸ್ಯರು ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ಕೇಳಿದರೆ "ಇವನಿಗ್ಯಾಕ ಬೇಕಾತು?" ಎಂದು ನೋಡುವ ಕಣ್ಣುಗಳೂ ಇವೆ. ಎರಡೂ ಸರಿಯಲ್ಲ.

ಸ್ವಾತಂತ್ರ್ಯದ ನಂತರದ ಹದಿನೈದು ವರ್ಷಗಳಲ್ಲಿ ದಫ್ತರದ ಮನೆಯೇ ಬದಲಾಯಿತು. 1950ರ ಕಾಯ್ದೆಯಿಂದ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನ ಹೋಗಿ ಪಗಾರದ ತಲಾಟಿ ಬಂದರು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕನ್ನಡಿಗರೆಲ್ಲ ಒಂದಾದ ಸಂತೋಷದ ನಡುವೆ ಒಂದು ಸಣ್ಣ ಫಜೀತಿಯೂ ಆಯಿತು. ಕನ್ನಡವೇನೋ ಒಂದೇ, ದಫ್ತರದ ಕನ್ನಡ ಎರಡು. ನಮ್ಮ ಮಾಮಲೇದಾರ ಅವರಿಗೆ ಅಮಲ್ದಾರ, ನಮ್ಮ ಉತಾರ ಅವರಿಗೆ ಪಹಣಿ, ನಮ್ಮ ತಲಾಟಿ ಅವರಿಗೆ ಶಾನುಭೋಗ. ಇಂದಿಗೂ ನಮ್ಮ ಹಿರಿಯರು "ಉತಾರ ತಗೊಂಬಾ" ಅಂತಲೇ ಹೇಳುತ್ತಾರೆ, ಕಾಗದದ ಮೇಲೆ ಪಹಣಿ ಪತ್ರಿಕೆ ಎಂದಿರುತ್ತದೆ. ಇದರ ಬೆನ್ನಿಗೇ 1957ರ ಏಪ್ರಿಲ್ 1ರಿಂದ ಆಣೆ-ಪೈ ಹೋಗಿ ನಯೇ ಪೈಸೆ ಬಂದವು. ಒಂದಾಣೆಗೆ ಆರೂ ಕಾಲು ಪೈಸೆ, ಆದರೆ ಕಾಲು ಪೈಸೆಯ ನಾಣ್ಯವಿಲ್ಲ, ಹೀಗಾಗಿ ಒಂದಾಣೆಯ ಬದಲಿಗೆ ಆರು ಪೈಸೆ. ಉಳಿದ ಕಾಲು ಪೈಸೆ ಯಾರ ಪಾಲಿಗೆ ಎಂಬ ಜಗಳ ಅಂಗಡಿ ಕಟ್ಟೆಗಳಿಗೆ ಹೊಸದು. ಸೇರು-ಮಣ ಹೋಗಿ ಕಿಲೋ ಬಂತು. ಹದಿನಾರಾಣೆ ಹೊಲ ಎಂದರೆ ಥಟ್ಟನೆ ತಿಳಿಯುತ್ತಿದ್ದ ಜನಕ್ಕೆ ಎಲ್ಲ ಅಳತೆ ಒಟ್ಟಿಗೇ ಬದಲಾಯಿತು. ಆ ಕಾಲದ ಸಂಘಗಳ ಸೆಕ್ರೆಟರಿಗಳು ಹಳೇ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಬಾಯಲ್ಲಿ ಹೇಳಿ ಹೇಳಿ ಜನರನ್ನು ದಾಟಿಸಿದರು. ಆ ಸೇವೆಗೆ ಯಾವ ಪ್ರಶಸ್ತಿಯೂ ಇರಲಿಲ್ಲ.

1959ರ ಸಹಕಾರ ಸಂಘಗಳ ಕಾಯ್ದೆ, 1963ರ ರಾಜಭಾಷಾ ಕಾಯ್ದೆ ಇವುಗಳ ಆಚೆಗೆ ದಫ್ತರ ಮೆಲ್ಲ ಮೆಲ್ಲಗೆ ಕನ್ನಡವಾಯಿತು. ಇದು ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಕನ್ನಡವಾದ ಮಾತ್ರಕ್ಕೆ ತಿಳಿಯಾಯಿತೇ? ಒಂದು ಮಾದರಿ ನೋಡಿರಿ. ಯಾವುದೇ ಕಚೇರಿಯದೆಂದು ತಿಳಿಯಬೇಕಿಲ್ಲ, ಈ ಜಾತಿಯ ಕಾಗದ ಎಲ್ಲ ಕಡೆ ಸಿಗುತ್ತವೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಸಾಲದ ಬಾಬ್ತು ತಾವು ಗಡುವು ಮೀರಿದ ಬಾಕಿದಾರರಾಗಿದ್ದು, ಈ ತಿಳುವಳಿಕೆ ಪತ್ರ ತಲುಪಿದ ಏಳು ದಿನದೊಳಗಾಗಿ ಬಾಕಿಯನ್ನು ಸಂದಾಯಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಸೂಕ್ತ ಕ್ರಮ ಜರುಗಿಸಲಾಗುವುದು." ಎಲ್ಲ ಕನ್ನಡವೇ. ಎಷ್ಟು ಕಟ್ಟಬೇಕು? ಇಲ್ಲ. ಎಂದಿನೊಳಗೆ? ಕಾಗದ ಯಾವತ್ತು ಬಂತೋ ಅದರ ಮೇಲೆ. ಸೂಕ್ತ ಕ್ರಮ ಎಂದರೆ ದಂಡವೋ, ದಾವೆಯೋ, ಹರಾಜೋ? ಜಾಮೀನು ನಿಂತವನಿಗೆ ಏನಾಗುತ್ತದೆ? ಅದೂ ಇಲ್ಲ. ಇದನ್ನೇ ಹೀಗೆ ಬರೆಯಬಹುದು: "ನಿಮ್ಮ ಬೆಳೆಸಾಲದಲ್ಲಿ ಅಸಲು ಇಷ್ಟು, ಬಡ್ಡಿ ಇಷ್ಟು, ಒಟ್ಟು ಇಷ್ಟು ಬಾಕಿ ಇದೆ. ಇಂಥ ತಾರೀಖಿನೊಳಗೆ ಕಟ್ಟಿರಿ. ಕಟ್ಟದಿದ್ದರೆ ನಿಮ್ಮ ಮೇಲೂ ನಿಮ್ಮ ಜಾಮೀನುದಾರರ ಮೇಲೂ ದಾವೆ ಹಾಕುತ್ತೇವೆ. ಕಷ್ಟವಿದ್ದರೆ ಅದಕ್ಕೂ ಮೊದಲು ಬಂದು ಮಾತಾಡಿರಿ." ಇದರಲ್ಲಿ ಕಾನೂನಿನ ತೂಕ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಗಟ್ಟಿಯಾಗಿ ಬರೆಯದಿದ್ದರೆ ಸರಕಾರಿ ಕಾಗದದ ಮರ್ಯಾದೆ ಹೋಗುತ್ತದೆಂದು ನಂಬಿದವರು ಇದ್ದಾರೆ. ಹಳೇ ಮೋಡಿಯ ಜಾಗವನ್ನು ಈಗ ಈ ಸದರಿ-ಬಾಬ್ತುಗಳು ಹಿಡಿದಿವೆ ಎಂದಷ್ಟೇ ನಾವು ಹೇಳುತ್ತೇವೆ.

ಈ ರೋಗ ನಮ್ಮೊಬ್ಬರದಲ್ಲ. ಬ್ರಿಟಿಷ್ ಸರಕಾರವೇ ತನ್ನ ನೌಕರರ ಬರಹ ಜನಕ್ಕೆ ತಿಳಿಯದೆಂದು ಕಂಡು, ಸರ್ ಅರ್ನೆಸ್ಟ್ ಗವರ್ಸ್ ಎಂಬ ಅನುಭವಿ ಅಧಿಕಾರಿಯಿಂದ 1948ರಲ್ಲಿ ಸರಳ ಮಾತಿನ ಕೈಪಿಡಿ ಬರೆಸಿತು. ಅದೇ ವರ್ಷ ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ ವಾಕ್ಯದ ಉದ್ದ, ಪದದ ಉದ್ದ ಎಣಿಸಿ ಬರಹ ಎಷ್ಟು ಸುಲಭವೆಂದು ಅಂಕ ಹಾಕುವ ಸೂತ್ರ ಪ್ರಕಟಿಸಿದರು. 2010ರಲ್ಲಿ ಅಮೆರಿಕ ಸರಳ ಬರವಣಿಗೆಗೆ ಕಾನೂನನ್ನೇ ಮಾಡಿತು. 2023ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಇದಕ್ಕೊಂದು ಮಾನಕ ತಂದಿತು. ಓದುವವನಿಗೆ ಬೇಕಾದದ್ದು ಕೈಗೆ ಸಿಗಬೇಕು, ಸಿಕ್ಕದ್ದು ತಿಳಿಯಬೇಕು, ತಿಳಿದದ್ದನ್ನು ಬಳಸಲು ಬರಬೇಕು ಎಂಬುದು ಅದರ ಸಾರ. ಫ್ಲೆಶ್ ಅವರ ಎಣಿಕೆ ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ ಒಂದೇ ಪದಕ್ಕೆ ನಾಲ್ಕು ಪ್ರತ್ಯಯ ಅಂಟಿ ಮಾರುದ್ದ ಆಗುತ್ತದೆ, ಆದರೂ ತಿಳಿಯುತ್ತದೆ. 'ಮಾಡಿಸಿಕೊಂಡುಬಂದಿದ್ದೇನೆ' ಎಂಬುದು ಯಾವ ಮುದುಕಿಗೆ ತಿಳಿಯದು? 'ಋಣಭಾರ' ಚಿಕ್ಕದೇ, ತಿಳಿಯುವುದು ಕಷ್ಟ.

ಹಾಗಾದರೆ ನಮ್ಮಲ್ಲಿ ಅಳೆಯುವುದು ಹ್ಯಾಂಗ? ನಮ್ಮ ಅನುಭವದಲ್ಲಿ ಓದಿಸಿ ತಿರುಗಿ ಹೇಳಿಸುವುದರಷ್ಟು ಒಳ್ಳೆಯ ಪರೀಕ್ಷೆ ಇಲ್ಲ. ಕಾಗದ ಕೊಟ್ಟು "ತಿಳೀತೇನ್ರಿ?" ಎಂದು ಕೇಳಬಾರದು. ತಿಳಿಯದಿದ್ದರೂ ಎಲ್ಲರೂ ಹೂಂ ಅನ್ನುತ್ತಾರೆ, ಅದು ಮರ್ಯಾದೆಯ ಪ್ರಶ್ನೆ. ಬದಲಿಗೆ "ಇದನ್ನ ಓದಿದ ಮ್ಯಾಲೆ ನೀವು ಏನ್ ಮಾಡ್ತೀರಿ, ಯಾವಾಗ ಮಾಡ್ತೀರಿ?" ಎಂದು ಕೇಳಬೇಕು. ನಾವು ಹೀಗೆ ಕೇಳಿ ನೋಡಿದಾಗ ಹೊರಬಿದ್ದದ್ದು ಬಹಳ. 'ಗಡುವು' ಎಂಬ ಮಾತು ಎಲ್ಲರಿಗೂ ಗೊತ್ತು, 'ಮರುಪಾವತಿ ದಿನಾಂಕ' ಎಂದರೆ ಅನುಮಾನಿಸುತ್ತಾರೆ. 'ಜಾಮೀನು' ತಿಳಿಯುತ್ತದೆ, 'ಜಂಟಿ ಹಾಗೂ ಪ್ರತ್ಯೇಕ ಹೊಣೆ' ತಿಳಿಯುವುದಿಲ್ಲ. ಹಿರಿಯರೊಬ್ಬರು ಇದಕ್ಕೆ "ಅರ್ಧ ಅವಂದು, ಅರ್ಧ ನಂದು" ಎಂದು ಅರ್ಥ ಹೇಳಿದರು. ಅರ್ಥ ತೀರ ಬೇರೆ. ಕಟ್ಟಬೇಕಾದವನು ಕಟ್ಟದಿದ್ದರೆ ಪೂರ್ತಿ ಇವರ ಮೇಲೇ ಬರಬಹುದು. ಇಂಥ ಒಂದು ಸಾಲಿನ ಮೇಲೆ ಒಂದು ಮನೆತನದ ಹೊಲ ನಿಂತಿರುತ್ತದೆ. ಪರ್ಷಿಯನ್, ಮರಾಠಿ ಮೂಲದ್ದೆಂದು ಕೆಲವರು ಹಳೇ ಮಾತುಗಳನ್ನು ತೆಗೆಯಬೇಕೆನ್ನುತ್ತಾರೆ. ನಮಗೆ ಆ ಮಡಿವಂತಿಕೆ ಒಪ್ಪಿಗೆಯಾಗಿಲ್ಲ. ಜಮಾ, ಖರ್ಚು, ಬಾಕಿ, ವಸೂಲಿ ಇವು ಎಲ್ಲಿಂದ ಬಂದರೂ ಈಗ ನಮ್ಮವೇ, ತಿಳಿಯುತ್ತವೆ. ತಾಳೆ ನೋಡಬೇಕಾದದ್ದು ಹುಟ್ಟನ್ನಲ್ಲ, ಬಳಕೆಯನ್ನು.

ಇಂದಿನ ಕಾಲಕ್ಕೆ ಬಂದರೆ ಕಾಗದವೇ ಯಂತ್ರಕ್ಕೆ ಹೋಗಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಲ್ಲಿ ಆಗಿನ 177 ತಾಲೂಕುಗಳ ಸುಮಾರು 67 ಲಕ್ಷ ರೈತರ ಪಹಣಿಗಳು ಗಣಕಯಂತ್ರ ಸೇರಿದವು. ಕೈಬರಹದ ಪಹಣಿ ನಿಂತಿತು. ಉತಾರ ಬೇಕೆಂದರೆ ತಲಾಟಿಯವರ ಮನೆಯ ಕಟ್ಟೆ ಕಾಯುವುದು ತಪ್ಪಿತು. ಅಚ್ಚಾದ ಅಕ್ಷರ ಎಲ್ಲರೂ ಓದಬಹುದು. ಆದರೆ ಅಚ್ಚು ಸ್ವಚ್ಛವಾದ ಮಾತ್ರಕ್ಕೆ ಮಾಹಿತಿ ತಿಳಿಯಾಗುವುದಿಲ್ಲ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬೀಮಾ ಯೋಜನೆಯನ್ನೇ ತೆಗೆದುಕೊಳ್ಳಿ. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ಶೇಕಡಾ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಬೆಳೆಗೆ 5. 2020ರಿಂದ ಇದು ಸಾಲಗಾರ ರೈತರಿಗೆ ಐಚ್ಛಿಕ. ಆದರೆ ಐಚ್ಛಿಕ ಎಂದರೆ ಸುಮ್ಮನಿದ್ದರೆ ಇಲ್ಲ ಎಂದಲ್ಲ. ಬೇಡವಾದವನು ಕೊನೆಯ ತಾರೀಖಿಗೆ ಏಳು ದಿನ ಮೊದಲೇ ಬೇಡವೆಂದು ಬರೆದುಕೊಡಬೇಕು, ಇಲ್ಲವಾದರೆ ಕಂತು ಕಡಿತವಾಗುತ್ತದೆ. ವಿಮೆಯಲ್ಲಿ ಬರೆಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ಕಂಡ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರಕ್ಕೆ ತೊಡಕು. ಗೋವಿನಜೋಳ ಹಾಕಿ ಹತ್ತಿ ಎಂದು ಬರೆಸಿದವನು ಮಳೆ ಕೈಕೊಟ್ಟ ವರ್ಷ ಕಚೇರಿಯಿಂದ ಕಚೇರಿಗೆ ತಿರುಗುತ್ತಾನೆ.

ಸೊನ್ನೆ ಬಡ್ಡಿಯ ಮಾತೂ ಹಾಗೆಯೇ. 2023-24ರ ಆಯವ್ಯಯದಲ್ಲಿ ರಾಜ್ಯ ಸರಕಾರ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗೋಡೆಯ ಮೇಲೆ ಬರೆದಾಗ 'ಶೂನ್ಯ ಬಡ್ಡಿ' ಎಂಬುದೇ ದೊಡ್ಡ ಅಕ್ಷರದಲ್ಲಿರುತ್ತದೆ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಎಂಬುದು ಸಣ್ಣ ಅಕ್ಷರದಲ್ಲಿ, ಕೆಲವು ಕಡೆ ಇರುವುದೇ ಇಲ್ಲ. ಗಡುವು ಒಂದು ದಿನ ದಾಟಿದರೂ ರಿಯಾಯಿತಿ ತಪ್ಪಿ ಬಡ್ಡಿ ಬೀಳುತ್ತದೆ. "ಬಡ್ಡಿ ಇಲ್ಲಂದಿದ್ರಲ್ಲ?" ಎಂದು ಕೌಂಟರಿನಲ್ಲಿ ಕೇಳುವ ರೈತ ಸುಳ್ಳು ಹೇಳುತ್ತಿಲ್ಲ, ಅವನಿಗೆ ತಲುಪಿದ ಮಾತು ಅಷ್ಟೇ.

2022ರ ಜೂನ್‌ನಲ್ಲಿ ಕೇಂದ್ರ ಸರಕಾರ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸಲು ಮಂಜೂರಾತಿ ಕೊಟ್ಟಿತು. ಈ ಯಂತ್ರಗಳಿಂದ ಸದಸ್ಯನ ಮೊಬೈಲಿಗೆ ಸಂದೇಶ ಹೋಗುವ ದಿನ ಬಂದಿದೆ. ಸಂದೇಶ ಯಾವ ಅಕ್ಷರದಲ್ಲಿ, ಯಾವ ಮಾತಿನಲ್ಲಿ ಹೋಗಬೇಕೆಂದು ಈಗಲೇ ಕೇಳಿಡಬೇಕು. ಒಮ್ಮೆ ಯಂತ್ರದಲ್ಲಿ ಕೂತ ವಾಕ್ಯ ಕುಲಕರ್ಣಿಯ ಮೋಡಿಗಿಂತಲೂ ಹಟಮಾರಿ, ಬದಲಾಯಿಸಲು ರಾಜಧಾನಿಗೇ ಬರೆಯಬೇಕಾಗುತ್ತದೆ. ಅಲ್ಲಿಯತನಕ ನಮ್ಮ ಕೈಯಲ್ಲಿರುವುದು ಪಾಸಬುಕ್ಕು. ಅದರ ಮೊದಲ ಪುಟದಲ್ಲಿ ಗಡುವಿನ ತಾರೀಖನ್ನು ದೊಡ್ಡ ಅಂಕಿಯಲ್ಲಿ ಬರೆಯುವುದು, ಸಹಿಗೆ ಮುಂಚೆ ಜಾಮೀನುದಾರನಿಗೆ ಅವನ ಹೊಣೆ ಎಷ್ಟೆಂದು ಓದಿ ಹೇಳಿ ಅವನ ಬಾಯಿಂದಲೇ ತಿರುಗಿ ಹೇಳಿಸುವುದು, ಅಢಾವೆ ಪತ್ರಿಕೆಯ ಜೊತೆಗೆ ಒಂದು ಪುಟದ ಆಡುಮಾತಿನ ತಖ್ತೆ ಹಂಚುವುದು, ಈ ಮೂರನ್ನು ಬರುವ ಸರ್ವಸಾಧಾರಣ ಸಭೆಯ ಮುಂದೆ ಠರಾವಿಗೆ ಇಡಬೇಕೆಂದು ನಾವು ಕೆಲವು ಸದಸ್ಯರು ಅರ್ಜಿ ಬರೆದು ಕೊಟ್ಟಿದ್ದೇವೆ. ಅರ್ಜಿಯಲ್ಲಿ ಸದರಿ, ಬಾಬ್ತು ಎಂಬ ಮಾತುಗಳಿಲ್ಲ.